ಹೊಳೆ ಬರುವ ಮೊದಲು ಮಾಡುವ ಲೆಕ್ಕ

ಕೃಷ್ಣಾ ತೀರದ ಹಳ್ಳಿಗೆ ಮಹಾಪೂರ ಬರುವ ದಿನ ಅಲ್ಲಿ ಬಿಸಿಲಿರಬಹುದು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಕಾಗವಾಡ, ಅಥಣಿ, ರಾಯಬಾಗ ತಾಲ್ಲೂಕುಗಳ ಮಟ್ಟಿಗೆ ಇದು ಉತ್ಪ್ರೇಕ್ಷೆಯಲ್ಲ. ಮಳೆ ಹೊಡೆಯುವುದು ಮಹಾಬಳೇಶ್ವರದ ಕಡೆ, ಸಹ್ಯಾದ್ರಿಯ ನೆತ್ತಿಯಲ್ಲಿ. 105 ಟಿಎಂಸಿಯ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಕೊಯ್ನಾ ಅಣೆಕಟ್ಟೆ ತುಂಬಿ ಬಾಗಿಲು ತೆರೆಯುವುದೂ ಅಲ್ಲೇ. ಪಂಚಗಂಗೆ, ದೂಧಗಂಗೆ ಕೂಡಿಕೊಂಡು ಹೊಳೆ ಇಲ್ಲಿಗೆ ಬರುವ ಹೊತ್ತಿಗೆ ಊರ ಕಟ್ಟೆಯ ಮೇಲೆ ಕೂತವರ ತಲೆಗೆ ಒಂದು ಹನಿಯೂ ಬಿದ್ದಿರುವುದಿಲ್ಲ. ಹೀಗಾಗಿ ‘ಭಾರಿ ಮಳೆಯ ಮುನ್ಸೂಚನೆ ಬಂದಾಗ ಎಚ್ಚರ ವಹಿಸಿ’ ಎಂದು ಶುರುವಾಗುವ ವಿಪತ್ತು ತರಬೇತಿ ಈ ಭಾಗದಲ್ಲಿ ಮೊದಲ ವಾಕ್ಯದಲ್ಲೇ ಎಡವುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 204.5 ಮಿ.ಮೀ. ಮುಟ್ಟಿದರೆ ಅತ್ಯಂತ ಭಾರಿ ಮಳೆ. ಆದರೆ ಇಲ್ಲಿ ಊರಿಗೆ ಬೇಕಾದ ಅಂಕಿ ಮಳೆಯದ್ದಲ್ಲ, ಗಡಿಯಾಚೆ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಹರಿದು ಬರುವ ಕ್ಯೂಸೆಕ್‌ನದ್ದು, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಎಂಬುದು.

ಗ್ರಾಮ ಪಂಚಾಯಿತಿ ಮಟ್ಟದ ತರಬೇತಿ ಸಾಮಾನ್ಯವಾಗಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಪ್ರಾರ್ಥನೆ, ಸಸಿಗೆ ನೀರು, ಐದು ಭಾಷಣ, ಪ್ರೊಜೆಕ್ಟರ್, ‘ವಿಪತ್ತು ಎಂದರೇನು’ ಎಂಬ ವ್ಯಾಖ್ಯೆ, ಊಟ, ಫೋಟೊ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಕಲಂ ಸ್ಥಳೀಯ ಸಂಸ್ಥೆ ತನ್ನ ಸಿಬ್ಬಂದಿಗೆ ತರಬೇತಿ ಆಗುವಂತೆ ನೋಡಿಕೊಳ್ಳಬೇಕು ಎನ್ನುತ್ತದೆ. ಆ ಕಡತಕ್ಕೆ ಇಷ್ಟು ಸಾಕು, ಹೊಳೆಗೆ ಸಾಲದು. ಸಂಜೆ ಎದ್ದು ಹೋಗುವಾಗ ಊರಿನ ಕೈಯಲ್ಲಿ ಎರಡು ಅಂಕಿ ಇರಬೇಕು. ಊರು ಖಾಲಿ ಮಾಡಲು ನಮಗೆ ಎಷ್ಟು ತಾಸು ಬೇಕು? ಹೊಳೆ ನಮಗೆ ಎಷ್ಟು ತಾಸು ಕೊಡುತ್ತದೆ? ಉಳಿದದ್ದೆಲ್ಲ ಈ ಎರಡರ ನಡುವಿನ ವ್ಯತ್ಯಾಸವನ್ನು ತುಂಬುವ ಕೆಲಸ.

ತರಬೇತಿಯ ಕಾಲ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ. ಕಬ್ಬು ಕಟಾವು ಮುಗಿದಿರುತ್ತದೆ, ಬಿತ್ತನೆ ಶುರುವಾಗಿರುವುದಿಲ್ಲ. ಸಂತೆಯ ದಿನ, ಜಾತ್ರೆಯ ವಾರ ಬಿಡಬೇಕು. ಜನ 35 ಮೀರಬಾರದು. ನೂರು ಜನರನ್ನು ಸೇರಿಸಿದರೆ ಅದು ಸಭೆ, ಅಲ್ಲಿ ಲೆಕ್ಕ ಆಗುವುದಿಲ್ಲ. ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ನೀರುಗಂಟಿ, ಪವರ್‌ಮ್ಯಾನ್, ಆಶಾ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಬೀಗದ ಕೈ ಇಟ್ಟುಕೊಂಡವರು ಬೇಕೇ ಬೇಕು. ಇವರಿಗಿಂತ ಹೆಚ್ಚು ಬೇಕಾದವರು ಟ್ರ್ಯಾಕ್ಟರ್ ಓಡಿಸುವವರು. ಮಾಲೀಕರಲ್ಲ, ಓಡಿಸುವವರು. ಜೊತೆಗೆ ಅಂಬಿಗರು, ಕುರಿ ಕಾಯುವವರು, ತೋಟದ ವಸತಿಯಲ್ಲಿ ಇರುವ ಕುಟುಂಬಗಳಿಂದ ನಾಲ್ಕೈದು ಜನ. ಊರಿನೊಳಗಿನವರಿಗೆ ಸುದ್ದಿ ಮುಟ್ಟಿದರೂ ಹೊಲದ ನಡುವಿನ ಒಂಟಿ ಮನೆಗಳಿಗೆ ಕಟ್ಟಕಡೆಗೆ ಮುಟ್ಟುತ್ತದೆ. ಅಷ್ಟರಲ್ಲಿ ದಾರಿ ಮುಳುಗಿ ಅವು ನಡುಗಡ್ಡೆಯಾಗಿರುತ್ತವೆ. ಹೆಂಗಸರು ಅರ್ಧದಷ್ಟಿರಬೇಕು. ಅದಕ್ಕೆ ಕರೆ ಕಳಿಸಿದರೆ ಸಾಲದು. ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಬೇಕು, ಹಾಲು ಹಿಂಡುವ ಹೊತ್ತಿಗೆ ಮನೆ ಮುಟ್ಟುವಂತೆ ನಾಲ್ಕು ಗಂಟೆಗೆ ಮುಗಿಸಬೇಕು.

ಸಾಮಾನು ಕಡಿಮೆ. ಮೂರ್ನಾಲ್ಕು ಕಿಲೊ ರಂಗೋಲಿ ಪುಡಿ, ಬಣ್ಣದ ಪುಡಿ ಮೂರು ಬಗೆ, ಒಂದು ಸೇರು ಹುಣಸೆ ಬೀಜ, ದೊಡ್ಡ ಹಾಳೆ ಇಪ್ಪತ್ತು, ದಪ್ಪ ಮಾರ್ಕರ್, ಅಳತೆ ಟೇಪು, ಗೌಂಡಿಗಳು ಬಳಸುವ 20 ಮೀಟರ್ ಪಾರದರ್ಶಕ ಲೆವೆಲ್ ಪೈಪು. ಪ್ರೊಜೆಕ್ಟರ್ ಬೇಡ. ಕರೆಂಟ್ ಹೋದರೆ ನಿಂತುಹೋಗುವ ತರಬೇತಿ, ಕರೆಂಟ್ ಹೋದಾಗ ಏನು ಮಾಡಬೇಕೆಂದು ಹೇಳಿಕೊಡುವುದು ತಮಾಷೆಯೇ ಸರಿ. ಉದ್ಘಾಟನೆಗೆ ಹತ್ತು ನಿಮಿಷ, ಅದೂ ಗಣ್ಯರ ಸಮಾಧಾನಕ್ಕೆ.

ಕೆಲಸ ಶುರುವಾಗಬೇಕಾದ್ದು ಕೋಣೆಯಲ್ಲಲ್ಲ, ಬೀದಿಯಲ್ಲಿ, ಬೆಳಿಗ್ಗೆ ಏಳೂವರೆಗೆ. 2005, 2019, 2021ರ ನೀರು ಎಲ್ಲಿಯವರೆಗೆ ಬಂದಿತ್ತೆಂದು ತೋರಿಸಲು ಹಿರಿಯರನ್ನು ಮುಂದೆ ಬಿಡಿ. ಗೋಡೆಯ ಮೇಲಿನ ಕೆಸರಿನ ಗೆರೆ, ಗುಡಿಯ ಮೆಟ್ಟಿಲು, ಉಬ್ಬಿಹೋದ ಬಾಗಿಲ ಚೌಕಟ್ಟು ಎಲ್ಲವೂ ದಾಖಲೆಯೇ. 2019ರ ಆಗಸ್ಟ್‌ನ ಗೆರೆ ಅನೇಕ ಕಡೆ ಇನ್ನೂ ಸಿಗುತ್ತದೆ. ಆ ಗೆರೆಯನ್ನು ಪಕ್ಕದ ಗಲ್ಲಿಯ ಮನೆಗಳಿಗೆ ದಾಟಿಸಲು ಲೆವೆಲ್ ಪೈಪು ಬೇಕು. ಪೈಪಿಗೆ ನೀರು ತುಂಬಿ, ಒಂದು ತುದಿಯ ನೀರನ್ನು ಹಳೆಯ ಗೆರೆಗೆ ಹಿಡಿದರೆ ಇನ್ನೊಂದು ತುದಿಯ ನೀರು ಎಲ್ಲಿ ನಿಲ್ಲುತ್ತದೋ ಅದೇ ಆ ಮನೆಯ ಮಟ್ಟ. ಗುಳ್ಳೆಯೊಂದು ಉಳಿದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಮೊದಲು ಎರಡೂ ತುದಿಯನ್ನು ಪಕ್ಕಪಕ್ಕ ಹಿಡಿದು ನೀರು ಸಮ ನಿಂತಿದೆಯೇ ನೋಡಿಕೊಳ್ಳಬೇಕು. ಹೊಳೆಗೂ ಇಳಿಜಾರಿದೆ. ಆದ್ದರಿಂದ ಒಂದೇ ಗೆರೆಯನ್ನು ಅರ್ಧ ಕಿಲೋಮೀಟರ್ ಆಚೆಗೆ ಎಳೆದುಕೊಂಡು ಹೋಗಬಾರದು. ಅಲ್ಲಿ ಇನ್ನೊಂದು ಹಳೆಯ ಗುರುತು ಹುಡುಕಿಕೊಳ್ಳಬೇಕು.

ಈ ಸುತ್ತಾಟದ ಕೊನೆ ಸೇತುವೆಯ ಬಳಿ. ಈ ಭಾಗದಲ್ಲಿ ಊರಿಗಿಂತ ಮೊದಲು ಮುಳುಗುವುದು ದಾರಿ. ಕಲ್ಲೋಳ-ಯಡೂರ ಸೇತುವೆ, ಕುಡಚಿ-ಉಗಾರ ಸೇತುವೆ ಮುಳುಗಿದ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮನೆಗೆ ನೀರು ಬಂದಾಗ ಹೊರಡೋಣ ಎಂದು ಕಾಯುವವರಿಗೆ ಆ ಹೊತ್ತಿಗೆ ಹೊರಡಲು ದಾರಿಯೇ ಇರುವುದಿಲ್ಲ. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಬಾರಿ ತಪ್ಪುವುದು ಇಲ್ಲೇ. ಎಲ್ಲರೂ ಮನೆಯ ಹೊಸ್ತಿಲನ್ನು ನೋಡುತ್ತಾರೆ, ಸೇತುವೆಯ ತಗ್ಗನ್ನು ನೋಡುವುದಿಲ್ಲ. ಆದ್ದರಿಂದ ಗುರುತು ಹಾಕಬೇಕಾದ್ದು ಸೇತುವೆಯ ಕಂಬದ ಮೇಲೆ. ರಸ್ತೆಯ ಅತಿ ತಗ್ಗಿನ ಬಿಂದುವನ್ನು ಸೊನ್ನೆ ಎಂದಿಟ್ಟು, ಅಲ್ಲಿಂದ ಕೆಳಗೆ ಅಡಿ ಅಡಿಗೆ ಗೆರೆ ಹಾಕಬೇಕು.

ಈಗ ಹೊಳೆ ಕೊಡುವ ತಾಸಿನ ಲೆಕ್ಕ. ನೀರು ಸೊನ್ನೆಗಿಂತ ಮೂರು ಅಡಿ ಕೆಳಗಿದೆ, ತಾಸಿಗೆ ಎರಡು ಇಂಚು ಏರುತ್ತಿದೆ ಎಂದುಕೊಳ್ಳಿ. 36 ಇಂಚಿಗೆ 18 ತಾಸು. ಇದನ್ನು ಯಾರು ಬೇಕಾದರೂ ಮಾಡಬಹುದು, ಆದರೆ ಎರಡು ಮೋಸಗಳಿವೆ. ಮೇಲಿನ ಅಣೆಕಟ್ಟೆಯಲ್ಲಿ ಹೊರಹರಿವು ಹೆಚ್ಚಿಸಿದರೆ ಎರಡು ಇಂಚು ನಾಲ್ಕಾಗುತ್ತದೆ. ಅದಕ್ಕೇ ಕಂಬದ ಗೆರೆಯನ್ನೂ ರಾಜಾಪುರದ ಅಂಕಿಯನ್ನೂ ಒಂದೇ ವಹಿಯಲ್ಲಿ ಅಕ್ಕಪಕ್ಕ ಬರೆಯಬೇಕು. ಎರಡು ಮಳೆಗಾಲ ಹೀಗೆ ಬರೆದರೆ ‘ಅಲ್ಲಿ ಇಷ್ಟು ಲಕ್ಷ ಬಿಟ್ಟರೆ ನಮ್ಮಲ್ಲಿ ಇಷ್ಟು ತಾಸಿಗೆ ಈ ಗೆರೆ’ ಎಂಬ ಊರಿನದೇ ಪಟ್ಟಿ ಸಿದ್ಧವಾಗುತ್ತದೆ. ಒಂದು ಲಕ್ಷ ಕ್ಯೂಸೆಕ್ ಎಂದರೆ ಎಷ್ಟೆಂದು ಸಭೆಯಲ್ಲಿ ಒಮ್ಮೆ ಬಿಡಿಸಿ ಹೇಳುವುದು ಒಳ್ಳೆಯದು. ಒಂದು ಕ್ಯೂಸೆಕ್ ಸೆಕೆಂಡಿಗೆ 28.3 ಲೀಟರ್. ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ. ಇನ್ನೊಂದು ಮೋಸ ಇನ್ನೂ ಕೆಟ್ಟದ್ದು. ನೀರು ದಂಡೆ ದಾಟಿ ಕಬ್ಬಿನ ಗದ್ದೆಗೆ ಹರಡಿದೊಡನೆ ಏರುವ ವೇಗ ಇಂಚಿನ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ‘ಹೊಳಿ ನಿಂತೈತಿ’ ಎಂದು ಜನ ನಿಟ್ಟುಸಿರು ಬಿಡುತ್ತಾರೆ. ನಿಂತಿರುವುದಿಲ್ಲ, ಅಗಲವಾಗುತ್ತಿರುತ್ತದೆ.

ಕೋಣೆಗೆ ಬಂದ ಮೇಲೆ ನೆಲದ ಮೇಲೆ ನಕ್ಷೆ. ರಂಗೋಲಿ ಪುಡಿಯಲ್ಲಿ ಹೊಳೆ, ಹಳ್ಳ, ರಸ್ತೆ, ಗಲ್ಲಿ. ಮಾರ್ಕರ್ ಹಾಳೆಯ ಮೇಲೆ ಬರೆಸಿದರೆ ಓದುಬರಹ ಬಲ್ಲ ನಾಲ್ವರು ಗಂಡಸರ ನಕ್ಷೆಯಾಗುತ್ತದೆ. ರಂಗೋಲಿ ಹಾಕಿಸಿದರೆ ಹೆಂಗಸರು ಮುಂದೆ ಬರುತ್ತಾರೆ, ತಪ್ಪಾದರೆ ಅಳಿಸುವುದೂ ಸಲೀಸು. ಮನೆಗೊಂದು ಹುಣಸೆ ಬೀಜ. ಒಬ್ಬರೇ ಇರುವ ವೃದ್ಧರು, ನಡೆಯಲಾಗದವರು, ಬಸುರಿ, ಬಾಣಂತಿ, ಡಯಾಲಿಸಿಸ್‌ಗೆ ಹೋಗುವವರು ಇರುವ ಮನೆಗೆ ಕೆಂಪು ಪುಡಿ. ಆಶಾ ಮತ್ತು ಅಂಗನವಾಡಿಯವರ ವಹಿಗಳು, ಅಂಗವಿಕಲ ವೇತನದ ಪಟ್ಟಿ ಇಲ್ಲಿ ಕೈಯಲ್ಲಿರಬೇಕು. ನಕ್ಷೆ ಮುಗಿದಾಗ ಒಂದು ಸಂಗತಿ ಯಾರೂ ಬಾಯಿಬಿಟ್ಟು ಹೇಳದೆಯೇ ಕಾಣುತ್ತದೆ. ಎಷ್ಟೋ ಊರುಗಳಲ್ಲಿ ತಗ್ಗಿನಲ್ಲಿರುವುದು ದಲಿತ ಕೇರಿ, ಎತ್ತರದಲ್ಲಿರುವುದು ಗುಡಿ. ‘ಎಲ್ಲರೂ ಗುಡಿಯ ಮಂಟಪಕ್ಕೆ ಹೋಗೋಣ’ ಎಂದು ಯಾರಾದರೂ ಅಂದಾಗ ಕೇರಿಯವರು ಸುಮ್ಮನಾದರೆ ಆ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ತರಬೇತುದಾರರ ಅಪರಾಧ. ಜಾಗವನ್ನು ಅಲ್ಲೇ ಬದಲಿಸಬೇಕು, ಶಾಲೆಯಂಥ ಎಲ್ಲರ ಜಾಗಕ್ಕೆ.

ಇನ್ನು ನಮಗೆ ಬೇಕಾದ ತಾಸಿನ ಲೆಕ್ಕ. ಇದಕ್ಕೆ ಪೂರಾ ಒಂದೂವರೆ ಗಂಟೆ ಕೊಡಿ. 120 ಮನೆ, 600 ಜನ, 300 ದನಗಳ ಒಂದು ಊರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೈಕು, ಸ್ವಂತ ಗಾಡಿಯಲ್ಲಿ ಹೋಗುವವರು 200. ಉಳಿದ 400 ಜನ ಟ್ರೇಲರಿಗೆ 20ರಂತೆ 20 ಖೇಪು. ದನಗಳಲ್ಲಿ 240 ನಡೆದು ಹೋಗುತ್ತವೆ. ಕರುಗಳು, ಈಗಷ್ಟೇ ಈದವು, ಕುಂಟುವವು 60, ಖೇಪಿಗೆ ಆರರಂತೆ 10 ಖೇಪು. ಕಾಳುಕಡಿ, ಪಾತ್ರೆ, ಹಾಸಿಗೆ, ತಿಜೋರಿ ನಾಲ್ಕು ಮನೆಗೆ ಒಂದರಂತೆ 30 ಖೇಪು. ಒಟ್ಟು 60. ಊರಲ್ಲಿ ಓಡುವ ಸ್ಥಿತಿಯ ಟ್ರ್ಯಾಕ್ಟರ್ ಐದು. ತಲಾ 12 ಖೇಪು. ತುಂಬಿ, ಹೋಗಿ, ಇಳಿಸಿ, ಮರಳಿ ಬರಲು ಒಂದೂಕಾಲು ತಾಸು. ಹದಿನೈದು ತಾಸು.

ಹೊಳೆ ಕೊಟ್ಟದ್ದು 18, ನಮಗೆ ಬೇಕಾದ್ದು 15. ಸಾಕಲ್ಲ ಎಂದು ಯಾರೋ ಅನ್ನುತ್ತಾರೆ. ಆಗ ಕೇಳಬೇಕು: ಸುದ್ದಿ ಬಂದದ್ದು ಸಂಜೆ ಆರಕ್ಕಾದರೆ? ಬೆಳಗಿನ ಆರರವರೆಗೆ ಹನ್ನೆರಡು ತಾಸು ಕತ್ತಲು. ಕತ್ತಲಲ್ಲಿ ದನ ಹೊಡೆಯಲಾಗುವುದಿಲ್ಲ, ತಗ್ಗಿನ ರಸ್ತೆಯ ಅಂಚು ಕಾಣುವುದಿಲ್ಲ. ಬೆಳಗಾದ ಮೇಲೆ ಉಳಿಯುವುದು ಆರು ತಾಸು. ಸಭೆ ಗಂಭೀರವಾಗುವುದು ಈ ಘಳಿಗೆಯಲ್ಲಿ. ದಾರಿಗಳು ಅವರಿಂದಲೇ ಹೊರಡುತ್ತವೆ: ತಿಜೋರಿ, ಕಾಳಿನ ಚೀಲ ಆರು ಅಡಿ ಕೆಳಗಿನ ಗೆರೆಗೆ ನೀರು ಬಂದಾಗಲೇ ಸಾಗಿಸುವುದು. ದನ ಮತ್ತು ಬಾಣಂತಿಯರು ಐದು ಅಡಿಗೆ. ನಾಲ್ಕು ಅಡಿಗೆ ಎಲ್ಲರೂ, ಎರಡು ಮಾತಿಲ್ಲ. ಸಂಜೆಯ ಓದಿನಲ್ಲಿ ನೀರು ಐದು ಅಡಿಗಿದ್ದು ಏರುತ್ತಲೇ ಇದ್ದರೆ, ನಾಲ್ಕರ ಗೆರೆ ಮುಟ್ಟುವುದನ್ನು ಕಾಯದೆ ಬೆಳಕಿರುವಾಗಲೇ ಹೊರಡುವುದು. ಈ ಗೆರೆಗಳನ್ನು ತರಬೇತುದಾರರು ಮನೆಯಿಂದ ಬರೆದು ತಂದರೆ ಯಾರೂ ಒಪ್ಪುವುದಿಲ್ಲ. 60 ಖೇಪುಗಳನ್ನು ತಾವೇ ಎಣಿಸಿದವರು ಒಪ್ಪುತ್ತಾರೆ.

ಬಿಟ್ಟು ಹೊರಡದಿರಲು ಜನರಿಗೆ ಇರುವ ದೊಡ್ಡ ಕಾರಣ ದನ. ಇದನ್ನು ಮೂಢತನ ಎಂದು ಬೈಯುವ ಅಧಿಕಾರಿಗೆ ಎರಡು ಎಮ್ಮೆ ಒಂದು ಮನೆಯ ವರ್ಷದ ಸಂಪಾದನೆ ಎಂಬುದು ಅರ್ಥವಾಗಿಲ್ಲ. ಊರು ಬಿಟ್ಟವರು ತಂಗುವ ಕಾಳಜಿ ಕೇಂದ್ರದ ಯೋಜನೆಯಲ್ಲಿ ದನಕ್ಕೆ ಜಾಗವಿಲ್ಲದಿದ್ದರೆ ಮನೆಗೊಬ್ಬ ಗಂಡಸು ಹಿಂದೆ ಉಳಿಯುತ್ತಾನೆ, ಆಮೇಲೆ ಅವನಿಗಾಗಿ ದೋಣಿ ಕಳಿಸಬೇಕಾಗುತ್ತದೆ. ಲೆಕ್ಕ ಹೀಗೆ: ಜನಕ್ಕೆ ದಿನಕ್ಕೆ ತಲಾ 15 ಲೀಟರಿನಂತೆ 600 ಜನಕ್ಕೆ 9,000 ಲೀಟರ್ ನೀರು. ದನಕ್ಕೆ 40 ಲೀಟರಿನಂತೆ 300ಕ್ಕೆ 12,000. ಜನಕ್ಕಿಂತ ದನಕ್ಕೇ ಹೆಚ್ಚು ಟ್ಯಾಂಕರ್ ಬೇಕು! ಒಣಮೇವು ತಲಾ ಆರು ಕಿಲೊ ಹಿಡಿದರೂ ದಿನಕ್ಕೆ 1,800 ಕಿಲೊ. ಹೊಳೆಸಾಲಿನ ಹೊಲದಲ್ಲಿ ಒಟ್ಟಿದ ಕಣಿಕೆಯ ಬಣವೆ ಮೊದಲ ದಿನವೇ ತೋಯ್ದು ಕೊಳೆಯುತ್ತದೆ. ಹೀಗಾಗಿ ಮೇ ತಿಂಗಳಲ್ಲೇ ಎತ್ತರದ ಜಾಗದಲ್ಲಿ ಒಂದು ಬಣವೆ ಇರಬೇಕು. ದನಗಳಿಗೆ ಗಂಟಲು ಬೇನೆಯ ಲಸಿಕೆಯೂ ಮಳೆಗೆ ಮುಂಚೆಯೇ.

ಶಾಲೆಯ ಲೆಕ್ಕವೂ ಹೀಗೆಯೇ ಕಣ್ಣು ತೆರೆಸುತ್ತದೆ. ಪರಿಹಾರ ಕಾರ್ಯದಲ್ಲಿ ಜಗತ್ತಿನಾದ್ಯಂತ ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ಕನಿಷ್ಠ ಮೂರೂವರೆ ಚದರ ಮೀಟರ್ ನೆಲ. ಇಪ್ಪತ್ತು ಅಡಿ ಉದ್ದಗಲದ ಕೋಣೆ ಸುಮಾರು 37 ಚದರ ಮೀಟರ್. ಅಂದರೆ ಹತ್ತು ಜನ. ಎಂಟು ಕೋಣೆಯ ಶಾಲೆಗೆ 80. ಕಾಗದದ ಮೇಲೆ ಮಾತ್ರ ಅದೇ ಶಾಲೆಯ ಮುಂದೆ ‘ಸಾಮರ್ಥ್ಯ 500’ ಎಂದು ಬರೆದಿರುತ್ತದೆ. ಮೊದಲ ಎರಡು ರಾತ್ರಿ ಇಮ್ಮಡಿ ಜನ ಮುದುಡಿ ಮಲಗಿಯಾರು, ವಾರವಾದರೆ ಆಗದು. ಶೌಚಾಲಯ ಆರಂಭದಲ್ಲಿ 50 ಜನಕ್ಕೆ ಒಂದು, ಆಮೇಲೆ 20ಕ್ಕೆ ಒಂದು. 600 ಜನಕ್ಕೆ ಕನಿಷ್ಠ 12. ಶಾಲೆಯಲ್ಲಿರುವುದು ನಾಲ್ಕಾದರೆ ಉಳಿದ ಎಂಟು ಎಲ್ಲಿ, ಹೆಂಗಸರದ್ದು ಯಾವ ಬದಿಗೆ, ರಾತ್ರಿ ದೀಪ ಯಾರದು ಎಂಬುದನ್ನು ಹೆಂಗಸರ ಗುಂಪೇ ಬೇರೆ ಕೂತು ತೀರ್ಮಾನಿಸಲಿ. ಗಂಡಸರು ಕೂತಲ್ಲಿ ಈ ಮಾತು ಏಳುವುದೇ ಇಲ್ಲ.

ಊಟದ ನಂತರ ನಿದ್ದೆಯ ಹೊತ್ತು. ಆಗ ಚೀಟಿ ಆಟ. ಗುಂಪಿಗೆ ಹದಿನೈದು ನಿಮಿಷಕ್ಕೊಂದು ಚೀಟಿ. ಸಂಜೆ ಆರು: ಹೊರಹರಿವು ಹೆಚ್ಚಿದೆ. ಎಂಟೂವರೆ: ಪರಿವರ್ತಕಕ್ಕೆ ನೀರು ಬಂತು, ಹೆಸ್ಕಾಂ ಲೈನ್ ಕಡಿದಿದೆ. ಹತ್ತು: ಮೊಬೈಲ್ ಟವರಿನ ಬ್ಯಾಟರಿ ಮುಗಿಯಿತು. ಹತ್ತೂಕಾಲು: ಎರಡನೇ ಟ್ರ್ಯಾಕ್ಟರಿನ ಚಾಲಕ ಬೀಗರ ಊರಿಗೆ ಹೋಗಿದ್ದಾನೆ. ಹನ್ನೊಂದು: ತೋಟದ ವಸತಿಯಲ್ಲಿ ಹೆರಿಗೆ ನೋವು. ಹನ್ನೆರಡು: ‘ಡ್ಯಾಮ್ ಒಡೆಯಿತು’ ಎಂಬ ಹಳೆಯ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದೆ. ಪ್ರತಿ ಚೀಟಿಗೂ ಉತ್ತರ ಒಬ್ಬರ ಹೆಸರಾಗಿರಬೇಕು. ‘ಪಂಚಾಯಿತಿ ನೋಡಿಕೊಳ್ಳುತ್ತದೆ’, ‘ಸಮಿತಿ ಕ್ರಮ ಕೈಗೊಳ್ಳುತ್ತದೆ’ ಎಂದರೆ ಉತ್ತರವಲ್ಲ. ಮೂರು ನಿಮಿಷದಲ್ಲಿ ಹೆಸರು ಬಾರದಿದ್ದರೆ ಆ ಚೀಟಿ ಕೆಂಪು ಹಾಳೆಗೆ ಅಂಟಿಕೊಳ್ಳುತ್ತದೆ. ನಡೆಸುವವರ ಬಾಯಿ ತುರಿಸುವುದು ಇಲ್ಲಿಯೇ. ಉತ್ತರ ಗೊತ್ತಿದೆ, ಹೇಳಿಬಿಡೋಣ ಅನ್ನಿಸುತ್ತದೆ. ಹೇಳಬಾರದು. ಕೆಂಪು ಹಾಳೆ ಖಾಲಿ ಉಳಿದ ತರಬೇತಿಯಲ್ಲಿ ಚೀಟಿಗಳು ಸುಲಭವಾಗಿದ್ದವು ಎಂದೇ ಅರ್ಥ.

ಹೆಸರು ಬರೆಯುವಾಗ ಕೆಲಸಕ್ಕೆ ಮೂವರು. ಮೊದಲಿಗ, ಬದಲಿ, ಬದಲಿಗೆ ಬದಲಿ. ಮೂವರೂ ಒಂದೇ ಮನೆಯವರಾಗಬಾರದು. ಮಹಾಪೂರದ ರಾತ್ರಿ ಪ್ರತಿಯೊಬ್ಬರೂ ಮೊದಲು ತಮ್ಮ ಮನೆ ನೋಡಿಕೊಳ್ಳುತ್ತಾರೆ, ಅದು ಸಹಜ. ಹೀಗಾಗಿ ಗೆರೆ ಓದುವ ಕೆಲಸವನ್ನು, ಸಾರುವ ಕೆಲಸವನ್ನು ಎತ್ತರದಲ್ಲಿ ಮನೆ ಇರುವವರಿಗೇ ಕೊಡುವುದು ಜಾಣತನ. ಕರೆಂಟು, ಟವರು ಎರಡೂ ಹೋದ ಮೇಲೆ ಉಳಿಯುವುದು ಗುಡಿ-ಮಸೀದಿಯ ಮೈಕು, ಅದೂ ಬ್ಯಾಟರಿ ಇದ್ದರೆ, ಮತ್ತು ಡಂಗುರ. ಸಾರುವ ಮಾತು ಮೊದಲೇ ಬರೆದಿಟ್ಟಿರಬೇಕು. ‘ಜನರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕೆಂದು ಕೋರಲಾಗಿದೆ’ ಎಂಬುದು ಯಾರಿಗೂ ಮುಟ್ಟುವುದಿಲ್ಲ. ‘ಹೊಳಿ ಐದರ ಗೆರೆ ಮುಟ್ಟೈತಿ. ಕೆಳಗಿನ ಗಲ್ಲಿಯವರು ದನಾ ಬಿಚ್ಚಿಕೊಂಡು ಈಗ ಶಾಲಿಗೆ ನಡೀರಿ. ಟ್ರ್ಯಾಕ್ಟರ್ ಹನುಮಪ್ಪನ ಗುಡಿ ಮುಂದ ನಿಂತಾವ’ ಎಂದರೆ ಮುಟ್ಟುತ್ತದೆ. ಫಲಕದಲ್ಲಿ ತುರ್ತಿಗೆ 112, ಜಿಲ್ಲಾ ನಿಯಂತ್ರಣ ಕೊಠಡಿಗೆ 1077, ಆಂಬುಲೆನ್ಸ್‌ಗೆ 108, ವಿದ್ಯುತ್ತಿಗೆ 1912 ಇರಲಿ. ಆದರೆ ಮೊದಲ ಕೆಲವು ತಾಸು ಊರಿಗೆ ಊರೇ ದಿಕ್ಕು ಎಂಬ ಲೆಕ್ಕದಲ್ಲೇ ಯೋಜನೆ ಮಾಡಬೇಕು.

ಕೈಯಿಂದ ಮಾಡಿ ಕಲಿಯಬೇಕಾದ್ದು ಎರಡೇ, ಹೆಚ್ಚು ತುರುಕಬಾರದು. ಒಂದು, ಹಗ್ಗ ಎಸೆಯುವುದು, ಖಾಲಿ ಕ್ಯಾನು ಕಟ್ಟುವುದು. ಬಿರಡೆ ಬಿಗಿದ 20 ಲೀಟರಿನ ಖಾಲಿ ಕ್ಯಾನು ಸುಮಾರು 20 ಕಿಲೊ ಭಾರ ತೇಲಿಸುತ್ತದೆ. ನೀರಿನಲ್ಲಿರುವ ಮನುಷ್ಯನ ತಲೆ ಮೇಲಿರಲು ಅದು ಧಾರಾಳ. ಹರಿಯುವ ನೀರು ಅರ್ಧ ಅಡಿ ಇದ್ದರೂ ನಿಂತವನನ್ನು ಕೆಡವಬಲ್ಲದು, ಎರಡು ಅಡಿ ಇದ್ದರೆ ಕಾರುಗಳು ತೇಲುತ್ತವೆ. ‘ನಮ್ಮ ಟ್ರ್ಯಾಕ್ಟರ್ ಭಾರ ಐತಿ, ದಾಟತೈತಿ’ ಎನ್ನುವ ಧೈರ್ಯ ಅತ್ಯಂತ ಅಪಾಯದ್ದು. ಸೇತುವೆಯ ಮೇಲೆ ನೀರು ಕಂಡ ಮೇಲೆ ಒಂದು ಖೇಪೂ ಇಲ್ಲ.

ಇನ್ನೊಂದು, ನೀರು ಇಳಿದ ಮೇಲೆ ಬಾವಿಗೆ ಬ್ಲೀಚಿಂಗ್ ಪುಡಿ. ನೀರುಗಂಟಿಯ ಕೈಯಲ್ಲೇ ಲೆಕ್ಕ ಮಾಡಿಸಬೇಕು. ಬಾವಿಯ ಅಗಲ ಮೂರು ಮೀಟರ್, ನೀರಿನ ಆಳ ನಾಲ್ಕು ಮೀಟರ್ ಆದರೆ ಅಗಲವನ್ನು ಅಗಲದಿಂದ ಗುಣಿಸಿ, ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿದರೆ 28.26 ಘನ ಮೀಟರ್, ಅಂದರೆ 28,260 ಲೀಟರ್. ಒಳ್ಳೆಯ ಪುಡಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಒಟ್ಟು ಸುಮಾರು 70 ಗ್ರಾಂ. ಇದು ತಿಳಿನೀರಿನ ಲೆಕ್ಕ. ಪೂರದ ನೀರು ನುಗ್ಗಿದ ಬಾವಿಯನ್ನು ಮೊದಲು ಪಂಪು ಹಚ್ಚಿ ಖಾಲಿ ಮಾಡಿ, ರಾಡಿ ತೆಗೆಯಬೇಕು. ರಾಡಿಯೇ ಕ್ಲೋರಿನ್ ತಿಂದುಹಾಕುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಬಾವಿಗಿಳಿಸಿ, ಮೇಲೆ ಕೆಳಗೆ ಆಡಿಸಬೇಕು. ಒಂದು ತಾಸು ಬಿಟ್ಟು ನೋಡಿದಾಗ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪಂಚಾಯಿತಿಯ ಮೂಲೆಯಲ್ಲಿ ಕಳೆದ ವರ್ಷ ಬಾಯಿ ತೆರೆದಿಟ್ಟ ಚೀಲದ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. ಮುಳುಗಿದ ಮನೆಯ ಮೇನ್ ಸ್ವಿಚ್ಚನ್ನು ಪವರ್‌ಮ್ಯಾನ್ ನೋಡುವ ಮೊದಲು ಯಾರೂ ಮುಟ್ಟಬಾರದು ಎಂಬುದನ್ನೂ ಇಲ್ಲಿಯೇ ಹೇಳಿ ಮುಗಿಸಬಹುದು.

ಜೂನ್ ಮೊದಲ ವಾರ ಅಣಕು ಕಾರ್ಯಾಚರಣೆ. ಇಡೀ ಊರು ಬೇಡ, ತಗ್ಗಿನ ಒಂದು ಗಲ್ಲಿ ಸಾಕು. ಹಿಂದಿನ ದಿನವೇ ಸಾರಿ ಹೇಳಿರಬೇಕು, ಇಲ್ಲದಿದ್ದರೆ ಗಾಬರಿಯಲ್ಲಿ ಯಾರಾದರೂ ಬಿದ್ದಾರು. ಕೈಯಲ್ಲಿ ಗಡಿಯಾರ ಹಿಡಿದು ಮೂರು ಹೊತ್ತು ಬರೆದುಕೊಳ್ಳುವುದು: ಡಂಗುರ ಶುರುವಾದದ್ದು, ಮೊದಲ ಟ್ರೇಲರ್ ಹೊರಟದ್ದು, ಕೊನೆಯ ಮನೆಗೆ ಬೀಗ ಬಿದ್ದದ್ದು. ತಡವಾಗುವುದು ಹೆಚ್ಚಾಗಿ ದಾರಿಯಲ್ಲಲ್ಲ, ಮೊದಲ ಟ್ರೇಲರ್ ಹೊರಡುವ ಮುನ್ನ. ಡೀಸೆಲ್ ಇಲ್ಲ, ಟ್ರೇಲರಿನ ಪಿನ್ ಸಿಗದು, ಶಾಲೆಯ ಬೀಗದ ಕೈ ಮೇಷ್ಟ್ರ ಜೇಬಿನಲ್ಲಿ, ಮೇಷ್ಟ್ರು ಚಿಕ್ಕೋಡಿಯಲ್ಲಿ. ಒಂದೂಕಾಲು ತಾಸಿನ ಖೇಪು ಎರಡು ತಾಸಾದರೆ ಊರಿನ ಹದಿನೈದು ತಾಸು ಇಪ್ಪತ್ತನಾಲ್ಕಾಗುತ್ತದೆ. ಆಗ ಗೆರೆಗಳನ್ನು ಒಂದೊಂದು ಅಡಿ ಕೆಳಗಿಳಿಸಬೇಕು. ತಿದ್ದಿದ ಗೆರೆಗಳನ್ನು ಗ್ರಾಮಸಭೆಯಲ್ಲಿ ಓದಿ ಒಪ್ಪಿಗೆ ಪಡೆಯಬೇಕು.

ನಲವತ್ತು ಪುಟದ ಯೋಜನೆ ಕಪಾಟಿನಲ್ಲಿರಲಿ, ಆಡಿಟ್‌ಗೆ ಬೇಕಾಗುತ್ತದೆ. ಊರಿಗೆ ಬೇಕಾದ್ದು ಪಂಚಾಯಿತಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಒಂದು ಪಟ್ಟಿ: ಗೆರೆ, ಕೆಲಸ, ಮೂರು ಹೆಸರು, ಫೋನು. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳ ಒಂದನೇ ತಾರೀಕು ಪ್ರತಿ ನಂಬರಿಗೂ ಫೋನು ಹಚ್ಚಿ ನೋಡುವುದು, ಬದಲಾದದ್ದನ್ನು ಅಳಿಸಿ ಬರೆಯುವುದು. ಅಕ್ಟೋಬರ್ ಬಿಡಬಾರದು, 2009ರಲ್ಲಿ ಉತ್ತರ ಕರ್ನಾಟಕದ ನೆರೆ ಬಂದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ. ಸೇತುವೆ ಕಂಬದ ಬಣ್ಣದ ಗೆರೆಗಳು ಹೂಳಿನ ನೀರಿಗೆ ಒಂದೇ ಮಳೆಗಾಲದಲ್ಲಿ ಮಾಸುತ್ತವೆ. ಬಣ್ಣ ಹಚ್ಚುವ ಮೊದಲೇ ಪ್ರತಿ ಅಡಿಗೂ ಉಳಿಯಿಂದ ಕಾಂಕ್ರೀಟಿನಲ್ಲಿ ಒಂದು ಕಚ್ಚು ಹೊಡೆಸಿಟ್ಟರೆ, ಮುಂದಿನ ಮೇ ತಿಂಗಳಲ್ಲಿ ಅಳತೆ ಟೇಪು ಬೇಕಾಗುವುದಿಲ್ಲ, ಒಂದು ಡಬ್ಬಿ ಬಣ್ಣ ಸಾಕು.